ಒಳಗೆ ಮನುಷ್ಯನಿದ್ದ ಮನೆ

ಮರ ಕಡಿಯುವುದಕ್ಕೆ ತೋಳಿನಲ್ಲಿ ಬಲವಿದ್ದರೆ ಸಾಕು. ಕೊಂಬೆ ಇಳಿಸುವುದಕ್ಕೆ ಹಗ್ಗ ಬೇಕು, ಹಗ್ಗ ಹಿಡಿಯುವ ಆಳು ಬೇಕು, ಆ ಆಳಿನ ಮೇಲೆ ಮರದ ಮೇಲಿರುವವನಿಗೆ ನಂಬಿಕೆ ಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹುಣಸೆಮರ ಹತ್ತಿ ಕಾಯಿ ಬಡಿಯುವುದರಿಂದ ಶುರುಮಾಡಿದವನು. ಇವತ್ತು ಬಂಗಾರಪೇಟೆಯಿಂದ ಕಾಮಸಮುದ್ರದ ತನಕ ಯಾರದಾದರೂ ಮನೆಯ ಮೇಲೋ ಕರೆಂಟಿನ ತಂತಿಯ ಮೇಲೋ ಮರ ಬಾಗಿದರೆ ನನ್ನ ಮನೆ ಕೇಳಿಕೊಂಡು ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳಿದರೂ ತಪ್ಪಿಲ್ಲ, ಮೈಮುರಿದು ಸಂಪಾದಿಸಿದ ಹೆಸರು.

ಹಗ್ಗ ಹಿಡಿಯುವವನು ನನ್ನ ಬಾಮೈದ. ಕಾಮಸಮುದ್ರದ ಕಡೆಯವನು, ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಕೆಲಸದಲ್ಲಿ ಮಾತ್ರ ಅರ್ಧಂಬರ್ಧ ಇಲ್ಲ. ಗರಗಸದ ಮಿಷಿನ್ ಓಡುವಾಗ ನಾನು ಕೂಗಿದ್ದು ಅವನಿಗೆ ಕೇಳುವುದಿಲ್ಲ, ಅವನು ಕೂಗಿದ್ದು ನನಗೆ ಕೇಳುವುದಿಲ್ಲ. ಅವನು ನನ್ನ ಕಾಲು ನೋಡುತ್ತಾನೆ, ನಾನು ಅವನ ಭುಜ ನೋಡುತ್ತೇನೆ. ಅಷ್ಟರಲ್ಲೇ ಕೆಲಸ ನಡೆದುಕೊಂಡು ಬಂದಿದೆ.

ನಮ್ಮ ಪದ್ಧತಿ ಹೀಗೆ. ಕೊಂಬೆಗೆ ಕಟ್ಟಿದ ಹಗ್ಗ ಮೇಲಿನ ಗಟ್ಟಿ ಕವೆಯೊಂದನ್ನು ದಾಟಿ, ಇಳಿದು, ಮರದ ಬುಡಕ್ಕೆ ಸುತ್ತು ಹಾಕಿಕೊಳ್ಳುತ್ತದೆ. ಭಾರ ತಡೆಯುವುದು ಆ ಸುತ್ತುಗಳು, ಆಳಿನ ತೋಳಲ್ಲ. ಸುತ್ತು ಕಡಿಮೆಯಾದರೆ ಹಗ್ಗ ಅಂಗೈ ಸುಡುತ್ತಾ ಓಡುತ್ತದೆ. ಹೆಚ್ಚಾದರೆ ಕೊಂಬೆ ನಡುಗಾಳಿಯಲ್ಲಿ ತಟ್ಟನೆ ನಿಂತು ಜಗ್ಗುತ್ತದೆ, ಮರದ ಮೇಲಿರುವವನ ಹಲ್ಲು ಕಟಕಟ ಅನ್ನುತ್ತದೆ. ಕೊಂಬೆ ಕಳಚಿದ ಕೂಡಲೇ ಒಂದಿಷ್ಟು ಓಡಲು ಬಿಟ್ಟು, ಆಮೇಲೆ ಮೆಲ್ಲಗೆ ಬಿಗಿ ಮಾಡುತ್ತಾ ನಿಲ್ಲಿಸಬೇಕು, ಬಂಡಿ ಕಟ್ಟಿದ ಎತ್ತನ್ನು ಇಳಿಜಾರಿನಲ್ಲಿ ಹಿಡಿದ ಹಾಗೆ. ಇದು ಬಾಯಲ್ಲಿ ಹೇಳಿ ಕಲಿಸುವಂಥದ್ದಲ್ಲ. ಬಾಮೈದನಿಗೆ ಬಂದಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಒಳಗೆ ಮನುಷ್ಯರಿರುವ ಮನೆಯ ಮೇಲೆ ನಾನು ಗರಗಸ ಇಡುತ್ತಿರಲಿಲ್ಲ. ಮನೆ ಖಾಲಿ ಮಾಡಿ ಅಂಗಳಕ್ಕೆ ಬನ್ನಿ, ಆಮೇಲೆ ಮರ ಹತ್ತುತ್ತೇನೆ ಅನ್ನುತ್ತಿದ್ದೆ. ಯಾರೂ ಅದಕ್ಕೆ ಎದುರು ಮಾತಾಡಿದ್ದಿಲ್ಲ.

ಬೇಸಿಗೆಯ ಕೊನೆಯ ಗಾಳಿಮಳೆ ಹೊಡೆದ ವಾರ, ಚಿನ್ನದ ಗಣಿಯ ಊರಾದ ಉರಿಗಾಂನಿಂದ ಒಬ್ಬ ಹೆಂಗಸು ಬೆಳಗಿನ ರೈಲಿಗೆ ಬಂಗಾರಪೇಟೆಗೆ ಬಂದು ನನ್ನ ಮನೆ ಹುಡುಕಿಕೊಂಡು ಬಂದರು. ಅರವತ್ತು ದಾಟಿದ ಜೀವ, ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದರು. ನನ್ನ ಹೆಂಡತಿ ಕೊಟ್ಟ ನೀರು ಕುಡಿದು ನೇರವಾಗಿ ವಿಷಯಕ್ಕೆ ಬಂದರು.

"ಲೈನ್ ಮನೆ ನಮ್ದು. ಮನೆ ಮೇಲೆ ಮಳೆಮರದ ಕೊಂಬೆ ಸೀಳ್ಕೊಂಡು ನಿಂತದೆ. ಇಬ್ರು ಬಂದು ನೋಡಿ ಓದ್ರು. ಮನೆ ಖಾಲಿ ಮಾಡಿ ಅಂದ್ರು."

"ಸರಿಯಾಗೇ ಏಳವ್ರೆ. ಮಾಡ್ಬೇಕಲ್ವಾ ತಾಯಿ?"

"ನಮ್ಮೋರು ಬರಲ್ಲ. ಅಲ್ಲೇ ಇರ್ತೀನಿ ಅಂತಾರೆ. ಬಿದ್ರೆ ಬೀಳ್ಲಿ ಅಂತಾರೆ."

ಅವತ್ತೇ ಬಾಮೈದನ ಜೊತೆ ಹೋಗಿ ನೋಡಿದೆ. ಗಣಿ ಕೆಲಸಗಾರರಿಗೆ ಬಿಳಿಯರ ಕಾಲದಲ್ಲಿ ಕಟ್ಟಿದ ಸಾಲುಮನೆಗಳು. ಒಂದರ ಗೋಡೆಯೇ ಮುಂದಿನದರ ಗೋಡೆ, ಮೇಲೆ ಹಳೇ ಸಿಮೆಂಟ್ ಶೀಟು. ಸಾಲಿನ ತುದಿಮನೆಯ ಪಕ್ಕಕ್ಕೆ ಮಳೆಮರ. ಅದರ ಒಂದು ದಪ್ಪ ಕೊಂಬೆ ಕವೆಯಲ್ಲಿ ಸೀಳಿ, ತೊಗಟೆ ಮತ್ತು ಒಂದಿಷ್ಟು ನಾರಿನ ಆಧಾರದಲ್ಲಿ ಮನೆಯ ಮೇಲೆ ವಾಲಿತ್ತು. ಎಲೆಯ ತುದಿಗಳು ಶೀಟನ್ನು ಸವರುತ್ತಿದ್ದವು. ಗಾಳಿ ಬಂದಾಗ ಕವೆಯಿಂದ ಒಂದು ಸಣ್ಣ ಕಿರ್ರೆಂಬ ಸದ್ದು ಬರುತ್ತಿತ್ತು. ಅದೇನೆಂದು ನನಗೆ ಗೊತ್ತು. ಇನ್ನೊಂದು ಗಾಳಿಗೆ ಅದು ನಿಲ್ಲುವಂತಿರಲಿಲ್ಲ.

ಒಳಗೆ, ಕೊಂಬೆಯ ನೇರ ಕೆಳಗೆ, ಮಂಚದ ಮೇಲೆ ಆತ ಮಲಗಿದ್ದರು. ಗಣಿಯ ಧೂಳು ಕುಡಿದ ಎದೆ. ಮೂಗಿಗೆ ಕೊಳವೆ, ತಲೆಯ ಹತ್ತಿರ ಗಾಳಿ ಕೊಡುವ ಕರೆಂಟಿನ ಮಿಷಿನ್. ಮೈಯಲ್ಲಿ ಉಳಿದಿದ್ದು ಕಣ್ಣು ಮತ್ತು ನಾಲಿಗೆ. ಮನೆಮಾತು ತಮಿಳು, ನನ್ನ ಜೊತೆ ಕನ್ನಡ.

"ಅಣ್ಣಾ, ಒಂದೇ ಒಂದು ಅಗಲು ಪಕ್ಕದ ಬೀದೀಲಿ ಮಲಗಿ. ಸಾಯಂಕಾಲ ನಾವೇ ಎತ್ಕೊಂಡು ಬಂದು ಬುಡ್ತೀವಿ," ಅಂದೆ.

ಅವರು ಬೆರಳೆತ್ತಿ ಹಿಂದಿನ ಸಾಲನ್ನು ತೋರಿಸಿದರು. ಅಲ್ಲಿ ಒಬ್ಬರು ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಲು ಬಾಗಿಲು ಹಾಕಿಕೊಂಡು ಹೋಗಿದ್ದರಂತೆ. ಹಿಂದಿರುಗುವಷ್ಟರಲ್ಲಿ ಬಾಗಿಲಿಗೆ ಬೇರೆ ಬೀಗ, ಒಳಗೆ ಬೇರೆಯವರ ಪಾತ್ರೆ. ಪಂಚಾಯ್ತಿ, ಜಗಳ, ಏನು ಮಾಡಿದರೂ ಮನೆ ವಾಪಸು ಸಿಗಲಿಲ್ಲ. ಗಣಿ ಮುಚ್ಚಿದ ಮೇಲೆ ಈ ಮನೆಗಳು ಯಾರವು ಅನ್ನುವುದಕ್ಕೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನೂ ಇರಲಿಲ್ಲ. ಯಾರು ಒಳಗಿದ್ದಾರೋ ಅವರದು, ಅಷ್ಟೆ. ಮನೆಯ ಯಜಮಾನ ಒಳಗಿರಬೇಕು, ಇದು ಆ ಸಾಲುಗಳ ಕಟ್ಟುಪಾಡು. ಮದುವೆಗೆ ಹೋದರೂ ಒಬ್ಬರು ಉಳಿಯುತ್ತಾರೆ.

"ನಾನು ಎದ್ದರೆ ಮನೆ ಹೋಗ್ತದೆ ತಂಬಿ. ನಾನು ಹೋದ ಮೇಲೆ ಇವಳು ಎಲ್ಲಿ ಕೂತ್ಕೋತಾಳೆ?"

"ಕೊಂಬೆ ಬಿದ್ದು ನಿಮಗೇ ಏನಾದ್ರೂ ಆದ್ರೆ?"

ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ಮುಗಿಯುವ ತನಕ ನಾವೆಲ್ಲ ಕಾದೆವು. "ಮೇಲೆ ಇಡೀ ಊರು ಹೊತ್ಕೊಂಡು ಕೆಳಗೆ ಕೆಲಸ ಮಾಡಿದೋನು ನಾನು. ಮಾರ್ಕೆಟ್ಟು, ಕೋವಿಲು, ಬಸ್ ಸ್ಟ್ಯಾಂಡು, ಎಲ್ಲಾ ನನ್ನ ತಲೆ ಮೇಲೆ. ನಿನ್ನ ಒಂದು ಕೊಂಬೆಗೆ ಹೆದರ್ತೀನಾ? ನೀನು ಹೆದರ್ತೀಯಾ ಹೇಳು, ಬೇರೆಯವರನ್ನ ಕರೀತೀನಿ."

ಆ ಮಾತು ನನಗೆ ನಾಟಿತು. ಹೊರಗೆ ಬಂದು ಮರದ ಸುತ್ತ ತಿರುಗಿದೆ. ಬಾಮೈದ ಬೀಡಿ ಹಚ್ಚಿದ.

"ಏನ್ಲಾ ಅಂತೀಯಾ?"

"ಮನೆ ಮ್ಯಾಲೆ ಇಳಿಸೋದೇ ಬ್ಯಾಡ ಬಾವ. ಓಣಿ ಕಡೀಕೆ ಎಳ್ಕೊಂಡು ಓಗಿ ಇಳಿಸಾನ."

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಮೊದಲು ತುದಿಯ ರೆಂಬೆಗಳನ್ನು ಕೈಗರಗಸದಲ್ಲಿ ಸಣ್ಣಸಣ್ಣದಾಗಿ ತೆಗೆದು ಕೊಂಬೆಯನ್ನು ಹಗುರ ಮಾಡುವುದು. ಆಮೇಲೆ ಮೇಲಿನ ಕವೆಯಿಂದ ಬಂದ ಹಗ್ಗಕ್ಕೆ ಅದನ್ನು ನೇತುಹಾಕಿ, ತುದಿಗೆ ಇನ್ನೊಂದು ಎಳೆಹಗ್ಗ ಕಟ್ಟಿ, ಕಳಚಿದ ಕೂಡಲೇ ಓಣಿಯಲ್ಲಿ ನಿಂತವರು ತಮ್ಮ ಕಡೆ ಎಳೆದುಕೊಳ್ಳುವುದು. ತೊಟ್ಟಿಲು ತೂಗಿದ ಹಾಗೆ ಅದು ಮನೆಯನ್ನು ದಾಟಿ ಓಣಿಗೆ ಬರಬೇಕು. ಬಾಮೈದನ ಕೈ ಅಲ್ಲಿಯ ತನಕ ಒಂದು ಗೇಣೂ ಸಡಿಲಿಸಬಾರದು. ಮಾಡುತ್ತೇನೆ ಅಂದೆ.

ಮಾರನೆಯ ಬೆಳಿಗ್ಗೆ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಇರುವ ಹಕ್ಕಿಪಕ್ಷಿ ಬಿಟ್ಟುಹೋಗಿ ಅಂತ ಬಾಮೈದ ಎಂದಿನಂತೆ ಕೈಮುಗಿದ. ಆ ಹೆಂಗಸು ಬಾಗಿಲಲ್ಲಿ ನಿಂತು ನೋಡಿ ತಾವೂ ಒಂದು ಕರ್ಪೂರ ಹಚ್ಚಿ ಒಳಗೆ ಹೋದರು.

ಎದುರು ಸಾಲಿನ ಮುದುಕರೊಬ್ಬರು ಆಗಲೇ ಬಂದು ಕೂತಿದ್ದರು. ಆತನೂ ಗಣಿಯವರೇ, ಒಳಗೆ ಮಲಗಿದ್ದವರ ಜೊತೆ ಕೆಳಗಿಳಿದವರು. ಹೆಗಲ ಮೇಲೆ ಎಳೆಎಳೆಯಾಗಿ ಹೆಣೆದ ಒಂದು ಸುರುಳಿ ಉಕ್ಕಿನ ಕಂಬಿ. ಆಳುಗಳನ್ನು ಗಣಿಗೆ ಇಳಿಸುವ ತೊಟ್ಟಿಲನ್ನು ಮೇಲೆ ಕೆಳಗೆ ಎಳೆಯುತ್ತಿದ್ದ ಕಂಬಿಯ ತುಂಡಂತೆ. ಆ ಸಾಲುಗಳಲ್ಲಿ ಬಹಳ ಮನೆಗಳಲ್ಲಿ ಅಂಥದ್ದು ಇರುತ್ತದೆ. ಬಟ್ಟೆ ಒಣಗಿಸುತ್ತಾರೆ, ಮೇಕೆ ಕಟ್ಟುತ್ತಾರೆ, ಆದರೆ ಎಸೆಯುವುದಿಲ್ಲ.

"ನಿನ್ನ ನೈಲಾನ್ ದಾರ ಬಿಟ್ಟು ಇದನ್ನ ಕಟ್ಟು ತಂಬಿ. ಇದು ಎಷ್ಟು ಜನರನ್ನ ಪಾತಾಳದಿಂದ ಎತ್ತಿದೆ ಗೊತ್ತಾ?"

"ತಾತಾ, ಕಂಬಿ ಬಗ್ಗಲ್ಲ, ಜಗ್ಗಲ್ಲ. ಮರದ ಕೆಲ್ಸಕ್ಕೆ ಜಗ್ಗೋ ಅಗ್ಗ ಬೇಕು. ತೊಗಟೆ ಮ್ಯಾಲೆ ಜಾರ್ಬೇಕು. ಇದು ಕಚ್ಕೊಂತದೆ."

"ಕಚ್ಕೊಂಡರೆ ಒಳ್ಳೇದಲ್ವಾ?" ಅಂದರು. ಬಾಮೈದ ನಕ್ಕ. "ತಾತಂಗೆ ಕಂಬೀನೇ ಎಂಡ್ತಿ," ಅಂದ. ಅವರು ಅವನನ್ನು ದುರುಗುಟ್ಟಿ ನೋಡಿ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ತುದಿಗಳನ್ನು ತೆಗೆಯುವುದರಲ್ಲಿ ಬಿಸಿಲೇರಿತು. ಒಂದೊಂದು ರೆಂಬೆಯನ್ನೂ ಕಟ್ಟಿ, ಕೆಳಗಿನಿಂದ ಒಂದು ಗೀರು, ಮೇಲಿನಿಂದ ಪೂರ್ತಿ ಕೊಯ್ತ. ಕೆಳಗಿನ ಗೀರು ಹಾಕದಿದ್ದರೆ ತೊಗಟೆ ಸುಲಿದುಕೊಂಡು ಕೊಂಬೆ ತಿರುಗಿ ಹೊಡೆಯುತ್ತದೆ. ಬಾಮೈದ ಒಂದು ಎಲೆಯೂ ಶೀಟಿಗೆ ತಾಗದಂತೆ ಇಳಿಸಿದ. ಒಳಗಿನಿಂದ ಮಿಷಿನಿನ ಗುಯ್‌ಗುಟ್ಟುವ ಸದ್ದು ಮೇಲಿನ ತನಕ ಕೇಳುತ್ತಿತ್ತು. ಅದು ಕೇಳುವ ತನಕ ಆತ ಬದುಕಿದ್ದಾರೆ ಅಂತ ಅಂದುಕೊಳ್ಳುತ್ತಾ ಕೆಲಸ ಮಾಡಿದೆ.

ಮುಖ್ಯ ಕೊಂಬೆಗೆ ಹಗ್ಗ ಕಟ್ಟಲು ನಾನು ಮರದ ಆ ಬದಿಗೆ, ಮೇಲಿನ ಕವೆಗೆ ಹೋದೆ. ಬಾಮೈದ ಬುಡದಲ್ಲಿ ಸುತ್ತು ಸರಿಮಾಡುತ್ತಾ ಬಗ್ಗಿದ್ದ. ಅಷ್ಟು ಹೊತ್ತಿನಲ್ಲಿ ಆ ಮುದುಕರು ಬಚ್ಚಲಿನ ಗೋಡೆ ಹತ್ತಿ, ದೋಟಿಯಿಂದ ಕಂಬಿಯ ಕುಣಿಕೆಯನ್ನು ಕೊಂಬೆಯ ಒಂದು ಮೊಂಡು ರೆಂಬೆಗೆ ಸಿಕ್ಕಿಸಿದ್ದರು. ಇನ್ನೊಂದು ತುದಿಯನ್ನು ಮನೆಯ ಆಚೆ ಬದಿಯಲ್ಲಿ ನೆಟ್ಟಿದ್ದ ರೈಲುಕಂಬಿಯ ಕಂಬಕ್ಕೆ ಬಿಗಿದಿದ್ದರು. ನಮ್ಮ ಹಗ್ಗ ಕಿತ್ತುಹೋದರೂ ಗಣಿಯ ಕಂಬಿ ಗೆಳೆಯನ ಮೇಲೆ ಬೀಳಲು ಬಿಡುವುದಿಲ್ಲ ಅನ್ನುವುದು ಅವರ ಲೆಕ್ಕ. ಓಣಿಯ ಜನ ನೋಡಿದ್ದರು. ನಾವೇ ಹೇಳಿ ಮಾಡಿಸಿದ್ದು ಅಂದುಕೊಂಡರು. ಎಲೆಯ ಮರೆಯಲ್ಲಿ ನನಗೆ ಕಾಣಲಿಲ್ಲ.

ಗರಗಸ ಇಟ್ಟೆ. ನಾರು ಕಿತ್ತುಕೊಂಡಿತು. ಕೊಂಬೆ ಹಗ್ಗಕ್ಕೆ ಬಂದು ತೂಗಿತು, ಬಾಮೈದ ಹದವಾಗಿ ಹಿಡಿದ, ಓಣಿಯವರು ಎಳೆದರು. ಅದು ಚೆಂದವಾಗಿ ಹೊರಟಿತು. ಹೊರಟದ್ದು ಮನೆಯ ಮೇಲೆ ನಟ್ಟನಡುವೆ ಟಣ್ ಅಂತ ನಿಂತಿತು. ಮರ ಪೂರ್ತಿ ನಡುಗಿತು. ಗರಗಸದ ಮಿಷಿನ್ ಆರಿಸಿದೆ.

"ಬಾವ, ಭಾರ ಓಯ್ತು," ಬಾಮೈದ ಕೆಳಗಿನಿಂದ ಹೇಳಿದ. ಕೂಗಲಿಲ್ಲ, ಹೇಳಿದ. "ನನ್ ಕೈಯಾಗೆ ಭಾರಾನೇ ಇಲ್ಲ."

ಹಗ್ಗ ಹಿಡಿದವನ ಬಾಯಿಂದ ಇದಕ್ಕಿಂತ ಕೆಟ್ಟ ಮಾತು ಬರಲಾರದು. ಭಾರ ಎಲ್ಲಿಯೂ ಹೋಗುವುದಿಲ್ಲ, ಇನ್ನೊಂದರ ಮೇಲೆ ಕೂರುತ್ತದೆ. ಆಗ ನನಗೆ ಕಂಬಿ ಕಂಡಿತು, ಶೀಟುಗಳ ಮೇಲೆ ಬಿಲ್ಲಿನ ಹೆದೆಯ ಹಾಗೆ ಬಿಗಿದು ನಿಂತಿತ್ತು. ನೋಡುತ್ತಿದ್ದಂತೆ ಅದರ ಒಂದು ಎಳೆ ಟಪ್ ಅಂತ ಕಿತ್ತು ಮುಳ್ಳಿನ ಹಾಗೆ ಎದ್ದು ನಿಂತಿತು. ಮೇಲೆ ಹೊಳಪು, ಒಳಗೆಲ್ಲ ತುಕ್ಕು. ಅದು ಪೂರ್ತಿ ಕಿತ್ತರೆ ಕೊಂಬೆ ಒಮ್ಮೆಲೇ ನಮ್ಮ ಹಗ್ಗದ ಮೇಲೆ ಬಿದ್ದು, ಜಗ್ಗಿ, ಮನೆಯ ಮೇಲೆ ಬೀಸುತ್ತಿತ್ತು.

"ಅವರನ್ನ ಈಚೆ ತನ್ನಿ. ಈಗ್ಲೇ," ಅಂದೆ.

ಹೆಂಗಸು ಒಳಗೆ ಓಡಿದರು. ನನಗೆ ಅವರ ಮಾತು ಕೇಳಿಸುತ್ತಿತ್ತು. ಬೇಡಿಕೊಂಡರು, ಬೈದರು. ಆತನ ಉತ್ತರ ಒಂದೇ. ಬರಲ್ಲ. ಎರಡನೆಯ ಎಳೆ ಕಿತ್ತಿತು.

ಕಂಬಿ ಕಟ್ಟಿದ ಮುದುಕರು ಓಣಿಯಲ್ಲಿ ಕಲ್ಲಿನ ಹಾಗೆ ನಿಂತಿದ್ದವರು, ಚಪ್ಪಲಿ ಬಿಟ್ಟು ಒಳಗೆ ಹೋದರು.

"ಏಯ್, ಎದ್ದೇಳು. ನಾನು ಕೂತಿರ್ತೀನಿ ನಿನ್ನ ಮನೇಲಿ. ಯಾವನಾದರೂ ಬಂದರೆ ನನ್ನ ಹೆಣ ದಾಟಿ ಬರಲಿ. ನಂಬಿಕೆ ಇದೆಯಾ, ಇಲ್ಲವಾ?"

ಮಂಚದ ಮೇಲಿನಿಂದ ಆತನ ದನಿ ಬಂತು: "ಮಂಚ ತೊಗೊಂಡು ಹೋಗ್ತಾರೆ. ನೀನು ನೆಲದ ಮೇಲೆ ಕೂತ್ಕೋ. ಮೂಲೇಲಿ ಕೂತ್ಕೋಬೇಡ, ನಡುವೆ ಕೂತ್ಕೋ. ಬಾಗಿಲಿಂದ ಕಾಣಬೇಕು."

ಮಿಷಿನಿನ ಸದ್ದು ನಿಂತಿತು. ಮಂಚವೂ ಮಿಷಿನೂ ಹೊರಗೆ ಬಂದವು. ಹೊತ್ತುಕೊಂಡವರು ಕೊಂಬೆ ಇಳಿಯುವ ಜಾಗ ಬಿಟ್ಟು ಓಣಿಯ ತುದಿಯಲ್ಲಿ ಇಳಿಸಿದರು. ಅಲ್ಲಿಗೆ ಯಾರ ಮನೆಯ ಕರೆಂಟ್ ವೈರೂ ಮುಟ್ಟಲಿಲ್ಲ. ವೈರು ತರಲು ಓಡಿದರು. ಆತ ಬಾಯಿ ತೆರೆದು ಆಕಾಶ ನೋಡುತ್ತಾ ಇದ್ದರು. ಎದೆ ಮಾತ್ರ ತಿದಿಯ ಹಾಗೆ ಏರಿ ಇಳಿಯುತ್ತಿತ್ತು.

"ತಾತಾ, ನೀವೂ ಬನ್ನಿ ಈಚೆ," ಅಂತ ಕೂಗಿದೆ. ಬಾಗಿಲಿನಿಂದ ಅವರ ಮೊಣಕಾಲು ಕಾಣುತ್ತಿತ್ತು, ಅಲುಗಲಿಲ್ಲ. ಅವರು ಬರುವುದಿಲ್ಲವೆಂದು ಅರ್ಥವಾಯಿತು. ಕಾಯುವ ಹಾಗಿರಲಿಲ್ಲ.

ಮಾಡಬೇಕಾದದ್ದು ಒಂದೇ, ಭಾರವನ್ನು ಕಂಬಿಯಿಂದ ಕಿತ್ತು ಮತ್ತೆ ನಮ್ಮ ಹಗ್ಗಕ್ಕೆ ತರುವುದು. ಬಾಮೈದನ ಹಿಂದೆ ಓಣಿಯ ಜನ ಹಗ್ಗ ಹಿಡಿದರು. ಅವನು ಸುತ್ತಿನ ಹತ್ತಿರ ನಿಂತು, ಅವರು ಎಳೆದಷ್ಟನ್ನೂ ಹಿಂದಕ್ಕೆ ಬಿಡದೆ ಬುಡಕ್ಕೆ ತಿನ್ನಿಸುತ್ತಾ ಬಂದ. "ಲಾಗಂಡ್ರಾ, ಎಳೀರಿ, ಮೆಲ್ಲಗೆ. ಜಗ್ಗಾಡಬ್ಯಾಡ್ರಿ." ಕೊಂಬೆ ಕೂದಲೆಳೆಯಷ್ಟು ಎದ್ದಿತು, ಮತ್ತಷ್ಟು ಎದ್ದಿತು. ಕಂಬಿ ಸಡಿಲವಾಗಿ ಶೀಟಿನ ಮೇಲೆ ಕೂತಿತು. ಕುಣಿಕೆ ಮಾತ್ರ ಮೊಂಡು ರೆಂಬೆಯ ತೊಗಟೆಗೆ ಕಚ್ಚಿಕೊಂಡೇ ಇತ್ತು. ನಾನು ಸೊಂಟದ ಹಗ್ಗದ ಮೇಲೆ ಮಲಗಿದಂತೆ ಜೋತುಬಿದ್ದು, ಕೈಗೆಟುಕಿದ ಆ ಮೊಂಡನ್ನೇ ಮಚ್ಚಿನಿಂದ ಕಡಿದು ಹಾಕಿದೆ.

ಕುಣಿಕೆ ಜಾರಿತು. ಕಂಬಿ ಹಾವಿನ ಹಾಗೆ ಚಿಮ್ಮಿ ಶೀಟಿಗೆ ಹೊಡೆಯಿತು. ಹಳೇ ಶೀಟು ಹಪ್ಪಳದಂತೆ ಒಡೆದು ಒಳಗೆ ಬಿತ್ತು. ಕೊಂಬೆ ಮನೆಯನ್ನು ದಾಟಿ ಓಣಿಗೆ ತೂಗಿತು. ಬಾಮೈದ ಅದನ್ನು ಇಳಿಸಿದ್ದು ನನಗೆ ನೆನಪಿಲ್ಲ. ನಾನು ನೋಡುತ್ತಿದ್ದದ್ದು ಮಾಡಿನ ತೂತನ್ನು. ಅದರೊಳಗಿನಿಂದ ಬಿಳೀ ಧೂಳು ಏಳುತ್ತಿತ್ತು.

ಇಳಿದು ಹೋಗಿ ನೋಡಿದರೆ ಮುದುಕರು ಗೆಳೆಯ ಹೇಳಿದ ಜಾಗದಲ್ಲೇ, ನೆಲದ ನಡುವೆ ಕೂತಿದ್ದರು. ತಲೆಯಿಂದ ರಕ್ತ ಸುರಿದು ಧೂಳಿನಲ್ಲಿ ಕೆಸರಾಗಿತ್ತು. ಕೈಹಿಡಿದು ಎಬ್ಬಿಸಲು ಹೋದೆ. "ಅವನು ಬರಲಿ ಮೊದಲು," ಅಂದರು.

ಮಂಚವನ್ನು ವಾಪಸು ತರುವಾಗ ಆತನ ತುಟಿ, ಉಗುರು ನೀಲಿಯಾಗಿದ್ದವು. ಉದ್ದದ ವೈರು ಸಿಕ್ಕಿರಲಿಲ್ಲ, ಸಿಕ್ಕಿದ್ದು ಗಿಡ್ಡವಾಗಿತ್ತು. ಮಿಷಿನ್ ಮತ್ತೆ ಗುಯ್‌ಗುಡಲು ಶುರುವಾಯಿತು. ಯಾರೋ ಮುದುಕರ ತಲೆಗೆ ಬಟ್ಟೆ ಕಟ್ಟಿದರು. ಕಣ್ಣು ತೆರೆದಾಗ ಆತ ಗೆಳೆಯನ ತಲೆಯ ಬ್ಯಾಂಡೇಜಿನ ಬಟ್ಟೆ ನೋಡಿದರು, ತೂತು ನೋಡಿದರು.

"ನಿನ್ನ ಕಂಬಿ..." ಉಸಿರು ಸಾಲಲಿಲ್ಲ. ಮತ್ತೆ ಎಳೆದುಕೊಂಡು, "ಗಣೀಲಿ ನಾನು ತೊಟ್ಟಿಲಲ್ಲಿದ್ದಾಗಲೇ ಕಿತ್ತುಹೋಗಿದ್ದರೆ ಇಷ್ಟು ವರ್ಷ ಕಾಯೋದು ತಪ್ತಿತ್ತು," ಅಂದರು.

ಮುದುಕರು ಗೋಡೆಯ ಕಡೆ ತಿರುಗಿಕೊಂಡು ಅತ್ತರು. ನಮಗೆ ಕಾಣಬಾರದು ಅಂತ ತಿರುಗಿದ್ದು, ಭುಜ ಕಾಣುತ್ತಿತ್ತು.

ಅದು ಆತ ಆಡಿದ ಕೊನೆಯ ಉದ್ದದ ಮಾತು. ನಾನು ಮರುದಿನ ಹೋಗಿ ಹೊಸ ಶೀಟು ಹಾಕಿ ಬಂದೆ. ಮೇಲೆ ಮೊಳೆ ಹೊಡೆಯುವಾಗ ಕೆಳಗೆ ಆತ ಎಚ್ಚರವಾಗಿದ್ದರು, ನನ್ನನ್ನು ನೋಡಿದರು, ತಲೆ ಮಾತ್ರ ಆಡಿಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಅಂದವರಿಗೆಲ್ಲ ಹೆಂಡತಿಯೇ ಬೇಡ ಅಂದರಂತೆ, ಆತನ ಕಣ್ಣು ನೋಡಿ. ಮಳೆಗಾಲ ಹಿಡಿಯುವ ಮುಂಚೆ ಸುದ್ದಿ ಬಂತು.

ನಾವಿಬ್ಬರೂ ಹೋದೆವು. ತಮಟೆಯ ಜೊತೆ ಗಂಡಸರೆಲ್ಲ ಹೆಣ ಎತ್ತಿಕೊಂಡು ಹೋದರು, ಬಾಮೈದನೂ ಹೆಗಲು ಕೊಟ್ಟ. ನಾನು ಓಣಿಯಲ್ಲೇ ಉಳಿದೆ. ಹೋಗಬಹುದಿತ್ತು, ಹೋಗಲಿಲ್ಲ. ಆ ಹೊತ್ತು ಗಾಳಿಯ ಮಿಷಿನ್ ಇಲ್ಲದೆ ಹೊರಗೆ ಇಡದಿದ್ದರೆ ಇನ್ನೆಷ್ಟು ದಿನ ಇರುತ್ತಿದ್ದರು? ಹೊರಗೆ ತರದಿದ್ದರೆ ಆ ದಿನವೇ ಏನಾಗುತ್ತಿತ್ತು? ನಾನು ಮರದ ಕೆಲಸದವನು, ಎರಡನೆಯದಕ್ಕೆ ಮಾತ್ರ ನನ್ನ ಬಳಿ ಉತ್ತರ ಇತ್ತು. ಮೊದಲನೆಯದನ್ನು ಕೇಳಬಾರದು ಅಂತ ಬಾಮೈದ ಎಷ್ಟೋ ಸಲ ಹೇಳಿದ್ದಾನೆ.

ಹೆಂಗಸರು ಮನೆ ತೊಳೆದು ದೀಪ ಇಟ್ಟರು. ಆಕೆ ಬಾಗಿಲಿನ ನೇರಕ್ಕೆ, ಹೊರಗಿನವರಿಗೆ ಕಾಣುವ ಹಾಗೆ ಕೂತಿದ್ದರು. ನನ್ನನ್ನು ಕಂಡು ಕರೆದರು.

"ಮರದ ಆ ಕಡೆ ಮನೆ ಮೇಲೇ ಇನ್ನೊಂದು ಕೊಂಬೆ ಅದೆಯಲ್ಲಪ್ಪಾ, ಅದು ಎಂಗೆ?"

ಸುಳ್ಳು ಬಾಯಿಗೆ ಬಂದಿತ್ತು, ಹೇಳಲಿಲ್ಲ. "ಕವೇಲಿ ನೀರು ನಿಂತು ಕೊಳೀತಾ ಅದೆ ತಾಯಿ. ಇವತ್ತು ನಾಳೆ ಬೀಳಲ್ಲ. ಆದ್ರೆ ಬೀಳ್ತದೆ. ತೆಗೆಯೋವಾಗ ನೀವು ಈಚೆ ಬರ್ಬೇಕು."

ಅವರು ನನ್ನ ಮುಖವನ್ನೇ ನೋಡಿದರು.

"ನಾನು ಈಚೆ ಬಂದ್ರೆ ಒಳಗೆ ಯಾರಪ್ಪಾ ಕೂತ್ಕೋತಾರೆ?" ಅಂದರು.

ಎದುರು ಸಾಲಿನ ಮುದುಕರು ಹೆಣದ ಜೊತೆ ಹೋಗಿದ್ದರು. ಓಣಿಯಲ್ಲಿ ಗಂಡಸು ಅಂತ ನಾನೊಬ್ಬನೇ ನಿಂತಿದ್ದೆ.